ಅಮ್ಮನಿಗೆ ಸಿಗದ ಮಾತ್ರೆ

ಮೆಡಿಕಲ್ ಶಾಪಿನ ಮುಂದೆ ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ದನಿ ತಗ್ಗಿಸಿ ಹೆಸರು ಹೇಳಿ, ಅಂಗಡಿಯವನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದನ್ನು ಬ್ಯಾಗಿನ ತಳಕ್ಕೆ ತುರುಕಿ ಮನೆಗೆ ಬರುತ್ತೇವೆ. ನಮ್ಮಲ್ಲಿ ಎಷ್ಟೋ ಜನ ಗರ್ಭನಿರೋಧಕ ಮಾತ್ರೆ ಕೊಳ್ಳೋದು ಹೀಗೇ ಅಲ್ವಾ? ಆ ಹೆಸರಾದರೂ ಗೊತ್ತಾಗಿದ್ದು ಎಲ್ಲಿಂದ? ಪಕ್ಕದ ಮನೆಯಾಕೆ ತಗೊಳ್ತಾರೆ, ಓರಗಿತ್ತಿಗೆ ಸರಿಹೋಗಿದೆ, ಅಷ್ಟೇ. ಸೀರೆ ಕೊಳ್ಳುವಾಗ ಹತ್ತು ಸಲ ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುವ ನಾವು, ದಿನಾ ಹೊಟ್ಟೆಗೆ ಹೋಗುವ ಹಾರ್ಮೋನನ್ನು ಮಾತ್ರ ಬೇರೆಯವರ ಅಳತೆಗೆ ಹೊಲಿದ ರವಿಕೆಯ ಹಾಗೆ ತೊಟ್ಟುಬಿಡುತ್ತೇವೆ!

ಈ ಪುಟ್ಟ ಮಾತ್ರೆ ನಮ್ಮ ಕೈಗೆ ಬರುವ ಹಿಂದೆ ಒಬ್ಬ ಹೆಂಗಸಿನ ಸುಮಾರು ಐವತ್ತು ವರ್ಷಗಳ ಹೋರಾಟವಿದೆ. ಆಕೆ ಡಾಕ್ಟರ್ ಅಲ್ಲ, ವಿಜ್ಞಾನಿಯೂ ಅಲ್ಲ. ಮೂರು ಮಕ್ಕಳ ತಾಯಿ, ಒಬ್ಬ ನರ್ಸ್. ಹೆಸರು ಮಾರ್ಗರೆಟ್ ಸ್ಯಾಂಗರ್. ಆಕೆಯ ಕಥೆಯಲ್ಲಿ ಗೆಲುವೂ ಇದೆ, ತಪ್ಪೂ ಇದೆ. ಎರಡರಿಂದಲೂ ನಾವು ಕಲಿಯೋದಿದೆ.

ಹದಿನೆಂಟು ಬಾರಿ ಬಸಿರು

ಮಾರ್ಗರೆಟ್ ಹುಟ್ಟಿದ್ದು 1879ರ ಸೆಪ್ಟೆಂಬರ್ 14ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಎಂಬ ಊರಿನಲ್ಲಿ. ಅಪ್ಪ ಮೈಕೇಲ್ ಹಿಗ್ಗಿನ್ಸ್ ಕಲ್ಲು ಕೆತ್ತುವವನು. ಮಾತಿನಲ್ಲಿ ಶೂರ, ಸಂಪಾದನೆಯಲ್ಲಿ ಅಷ್ಟಕ್ಕಷ್ಟೆ. ಅಮ್ಮ ಆನ್‌ಗೆ ಕ್ಷಯ. ಕೆಮ್ಮಿಕೊಂಡೇ ಅಡುಗೆ, ಕೆಮ್ಮಿಕೊಂಡೇ ಬಾಣಂತನ. ಇಪ್ಪತ್ತೆರಡು ವರ್ಷಗಳಲ್ಲಿ ಆಕೆ 18 ಬಾರಿ ಬಸಿರಾದಳು, 11 ಮಕ್ಕಳು ಬದುಕಿ ಹುಟ್ಟಿದವು. 1899ರಲ್ಲಿ, ಐವತ್ತರ ಹೊಸ್ತಿಲಲ್ಲೇ ತೀರಿಕೊಂಡಳು. ಅಪ್ಪ ಮಾತ್ರ ಎಂಬತ್ತು ದಾಟಿ ಬದುಕಿದ.

ನಮ್ಮ ಅಜ್ಜಿಯರ ಕಥೆಯೂ ಹೀಗೇ ಇರುತ್ತಿತ್ತಲ್ಲ? ಒಂದು ತೊಟ್ಟಿಲು ಬಿಟ್ಟಿಳಿಯುವ ಮೊದಲೇ ಇನ್ನೊಂದು. ದೇವರು ಕೊಟ್ಟಿದ್ದು ಅಂತ ಸುಮ್ಮನಾಗೋದು. ಮಾರ್ಗರೆಟ್ ಮಾತ್ರ ಸುಮ್ಮನಾಗಲಿಲ್ಲ. ಅಮ್ಮನನ್ನು ಕೊಂದಿದ್ದು ಬರೀ ಕ್ಷಯವಲ್ಲ, ಬಿಡುವಿಲ್ಲದ ಬಸಿರು ಎನ್ನುವುದು ಆ ಮಗಳ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಅವಳು ನರ್ಸಿಂಗ್ ಕಲಿತಳು. 1902ರಲ್ಲಿ ವಿಲಿಯಂ ಸ್ಯಾಂಗರ್ ಎಂಬ ವಾಸ್ತುಶಿಲ್ಪಿಯ ಕೈಹಿಡಿದು ಮಾರ್ಗರೆಟ್ ಸ್ಯಾಂಗರ್ ಆದಳು. ಇಬ್ಬರು ಗಂಡು, ಒಂದು ಹೆಣ್ಣು ಮಗು. ಕೆಲವು ವರ್ಷಗಳ ನಂತರ ಸಂಸಾರ ನ್ಯೂಯಾರ್ಕ್ ನಗರಕ್ಕೆ ಬಂತು. ಅಲ್ಲಿಂದ ಆಕೆಯ ಬದುಕಿನ ದಾರಿಯೇ ಬದಲಾಯಿತು.

ಬಡವರ ಕೇರಿಯ ನರ್ಸ್

ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಅಂದರೆ ಬೇರೆ ಬೇರೆ ದೇಶಗಳಿಂದ ಹೊಟ್ಟೆಪಾಡಿಗೆ ಬಂದವರ ವಠಾರಗಳ ಕೇರಿ. ಅಲ್ಲಿ ಮನೆಮನೆಗೆ ಹೋಗಿ ಹೆರಿಗೆ, ಬಾಣಂತನ ನೋಡಿಕೊಳ್ಳುವ ಕೆಲಸ ಮಾರ್ಗರೆಟ್ ಅವರದು. ಇನ್ನೊಂದು ಮಗು ಬೇಡವೆಂದು ಹೆಂಗಸರು ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡು, ನಂಜೇರಿ ಸಾಯುವುದನ್ನು ಆಕೆ ಕಣ್ಣಾರೆ ಕಂಡರು.

1912ರ ಒಂದು ಪ್ರಸಂಗವನ್ನು ಆಕೆ ಜೀವನಪೂರ್ತಿ ಹೇಳುತ್ತಿದ್ದರು. ಮೂರು ಮಕ್ಕಳ ಯುವ ತಾಯಿಯೊಬ್ಬಳು ತಾನೇ ಗರ್ಭ ತೆಗೆದುಕೊಳ್ಳಲು ಹೋಗಿ ಸಾವಿನ ಬಾಯಿಗೆ ಬಿದ್ದಿದ್ದಳು. ಹೇಗೋ ಬದುಕಿದಳು. ಮತ್ತೆ ಬಸಿರಾಗದಂತೆ ಏನು ಮಾಡಲಿ ಅಂತ ಡಾಕ್ಟರನ್ನು ಅಂಗಲಾಚಿ ಕೇಳಿದಳು. ಗಂಡನನ್ನು ಮಾಳಿಗೆ ಮೇಲೆ ಮಲಗಿಸಮ್ಮ ಅಂತ ತಮಾಷೆ ಮಾಡಿ ಆತ ಹೊರಟುಹೋದನಂತೆ. ಕೆಲವೇ ತಿಂಗಳಲ್ಲಿ ಅದೇ ಮನೆಯಿಂದ ಮತ್ತೆ ಕರೆ ಬಂತು. ಈ ಸಲ ಆಕೆ ಉಳಿಯಲಿಲ್ಲ. ಮಾರ್ಗರೆಟ್ ಕಂಡ ಹಲವು ಹೆಂಗಸರ ನೋವು ಸೇರಿ ಈ ಒಬ್ಬಳ ಕಥೆಯಾಗಿರಬಹುದು ಅಂತ ಚರಿತ್ರೆ ಬರೆದವರು ಹೇಳುತ್ತಾರೆ. ಒಬ್ಬಳಾಗಿರಲಿ, ಹತ್ತು ಜನರಾಗಿರಲಿ, ಕೇಳಿದ ಪ್ರಶ್ನೆಗೆ ಉತ್ತರ ಸಿಗದೇ ಸತ್ತಿದ್ದಂತೂ ನಿಜ.

ಹೇಳಬೇಕೆಂದರೂ ಆಗ ಕಾನೂನು ಅಡ್ಡ ಬರುತ್ತಿತ್ತು. 1873ರ ಕಾಮ್‌ಸ್ಟಾಕ್ ಕಾಯ್ದೆಯ ಪ್ರಕಾರ ಗರ್ಭನಿರೋಧದ ಮಾಹಿತಿಯನ್ನು ಅಂಚೆಯಲ್ಲಿ ಕಳಿಸುವುದು ಅಶ್ಲೀಲ, ಅಪರಾಧ. 1914ರಲ್ಲಿ ಮಾರ್ಗರೆಟ್ ಹೆಂಗಸರಿಗಾಗಿ ಒಂದು ಪತ್ರಿಕೆ ಶುರುಮಾಡಿದರು. ಬರ್ತ್ ಕಂಟ್ರೋಲ್, ಅಂದರೆ ಜನನ ನಿಯಂತ್ರಣ ಎಂಬ ಮಾತು ಬಳಕೆಗೆ ಬಂದಿದ್ದೇ ಆ ವರ್ಷ, ಆ ಪತ್ರಿಕೆಯಿಂದ. ಕೇಸು ಬಿತ್ತು. ಮಕ್ಕಳನ್ನು ಬಿಟ್ಟು ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋದರು. 1915ರಲ್ಲಿ ಮರಳಿದರೇನೋ ನಿಜ, ಆದರೆ ಆ ವರ್ಷವೇ ಐದು ವರ್ಷದ ಮಗಳು ಪೆಗ್ಗಿ ನ್ಯುಮೋನಿಯಾದಿಂದ ತೀರಿಕೊಂಡಳು. ಬೇರೆ ತಾಯಂದಿರಿಗಾಗಿ ಹೋರಾಡುತ್ತಾ ತನ್ನ ಮಗುವಿನಿಂದ ದೂರವಿದ್ದೆನಲ್ಲ ಎಂಬ ಸಂಕಟ ಆಕೆಯನ್ನು ಕೊನೆತನಕ ಬಿಡಲಿಲ್ಲ.

ಹತ್ತು ಸೆಂಟಿನ ಕ್ಲಿನಿಕ್

1916ರ ಅಕ್ಟೋಬರ್ 16. ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್ ಬಡಾವಣೆಯಲ್ಲಿ ಮಾರ್ಗರೆಟ್, ತಂಗಿ ಎಥೆಲ್ ಮತ್ತು ಗೆಳತಿ ಫಾನಿಯಾ ಸೇರಿ ಅಮೆರಿಕದ ಮೊದಲ ಜನನ ನಿಯಂತ್ರಣ ಕ್ಲಿನಿಕ್ ತೆರೆದರು. ಇಂಗ್ಲಿಷ್, ಯಿಡ್ಡಿಷ್, ಇಟಾಲಿಯನ್ ಮೂರೂ ಭಾಷೆಯಲ್ಲಿ ಕರಪತ್ರ ಹಂಚಿದ್ದರು. ಫೀಸು ಬರೀ 10 ಸೆಂಟು. ಬೆಳಿಗ್ಗೆಯೇ ಬಾಗಿಲ ಮುಂದೆ ಹೆಂಗಸರ ಸಾಲು, ಕೆಲವರ ಕಂಕುಳಲ್ಲಿ ಕೂಸು. ಆ ಕೆಲವೇ ದಿನಗಳಲ್ಲಿ ನಾನ್ನೂರಕ್ಕೂ ಹೆಚ್ಚು ಹೆಂಗಸರು ಬಂದರು. ಅವರ ನಡುವೆ ಒಬ್ಬಾಕೆ ಮಫ್ತಿಯಲ್ಲಿದ್ದ ಪೊಲೀಸ್! ಒಂಬತ್ತೇ ದಿನಕ್ಕೆ ದಾಳಿ, ಬಂಧನ. ಇನ್ನು ಮುಂದೆ ಹೀಗೆ ಮಾಡಲ್ಲ ಅಂತ ಮಾತು ಕೊಟ್ಟರೆ ಬಿಡುತ್ತೇವೆ ಎಂದಿತು ಕೋರ್ಟು. ಆಕೆ ಒಪ್ಪಲಿಲ್ಲ. 1917ರಲ್ಲಿ 30 ದಿನ ಜೈಲು.

ಆದರೆ ಅದೇ ಕೇಸಿನ ಅಪೀಲಿನಲ್ಲಿ, 1918ರಲ್ಲಿ, ನ್ಯಾಯಾಲಯ ಒಂದು ಕಿಂಡಿ ತೆರೆಯಿತು. ಹೆಂಗಸಿನ ಆರೋಗ್ಯದ ಕಾರಣಕ್ಕಾಗಿ ಡಾಕ್ಟರು ಗರ್ಭನಿರೋಧಕ ಹೇಳಿಕೊಡಬಹುದು ಎಂದಿತು. ಆ ಕಿಂಡಿಯಿಂದಲೇ ಮಾರ್ಗರೆಟ್ 1923ರಲ್ಲಿ ಡಾಕ್ಟರುಗಳೇ ನಡೆಸುವ ಕ್ಲಿನಿಕ್ ಶುರುಮಾಡಿದರು. ಅಷ್ಟರಲ್ಲಿ ಮೊದಲ ಮದುವೆ ಮುರಿದಿತ್ತು. ಎರಡನೇ ಗಂಡ ನೋವಾ ಸ್ಲೀ ಎಣ್ಣೆ ಕಂಪನಿಯ ಮಾಲೀಕ. ಅಮೆರಿಕಕ್ಕೆ ತರುವಂತಿಲ್ಲದ ಡಯಾಫ್ರಾಮ್ ಎಂಬ ರಬ್ಬರಿನ ಸಾಧನವನ್ನು ಆತ ಕೆನಡಾ ಕಡೆಯಿಂದ ತನ್ನ ಎಣ್ಣೆ ಡ್ರಮ್ಮುಗಳಲ್ಲಿ ಅಡಗಿಸಿ ಹೆಂಡತಿಗೆ ತರಿಸಿಕೊಟ್ಟನಂತೆ. ಹೆಂಡತಿಗೆ ಒಡವೆ ತರುವ ಗಂಡಂದಿರನ್ನು ಕೇಳಿದ್ದೇವೆ, ಇಂಥವನನ್ನು ಕೇಳಿರಲಿಲ್ಲ!

ನಮ್ಮ ಮೈಸೂರು ಒಂದು ಹೆಜ್ಜೆ ಮುಂದೆ

ಅಮೆರಿಕದಲ್ಲಿ ಇನ್ನೂ ಕೋರ್ಟು ಕಚೇರಿ ಅಲೆದಾಟ ನಡೆದಿದ್ದಾಗಲೇ ನಮ್ಮ ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರಿ ಆದೇಶ ಹೊರಡಿಸಿ ಜನನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ದಿವಾನರು. ಸರ್ಕಾರವೇ ಮುಂದೆ ನಿಂತು ಇಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ನಾವು ಹೆಮ್ಮೆಪಡಬೇಕಾದ ಸಂಗತಿ ತಾನೆ?

ಐದು ವರ್ಷದ ನಂತರ ಮಾರ್ಗರೆಟ್ ಭಾರತಕ್ಕೆ ಬಂದರು. 1935ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡರು. ಹೆಂಗಸರ ಕಷ್ಟ ಗಾಂಧೀಜಿಗೆ ತಿಳಿಯದ್ದೇನಲ್ಲ. ಆದರೆ ಅವರು ಹೇಳಿದ ದಾರಿ ಸಂಯಮ. ಸಂಯಮವಿಲ್ಲದ ಗಂಡನ ಮುಂದೆ ಹೆಂಡತಿ ಏನು ಮಾಡಬೇಕು ಎನ್ನುವುದು ಮಾರ್ಗರೆಟ್ ಪ್ರಶ್ನೆ. ಇಬ್ಬರೂ ಒಪ್ಪಲಿಲ್ಲ, ಗೌರವದಿಂದಲೇ ಬೀಳ್ಕೊಂಡರು.

1952ರಲ್ಲಿ ಮತ್ತೆ ಬಂದರು, ಈ ಬಾರಿ ಮುಂಬಯಿಗೆ. ಅಲ್ಲಿ ಅಂತರರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟ ಹುಟ್ಟಿತು. ಮಾರ್ಗರೆಟ್ ಜೊತೆ ಅದರ ಗೌರವಾಧ್ಯಕ್ಷೆಯಾದವರು ಧನ್ವಂತಿ ರಾಮರಾವ್. ಕಾಶ್ಮೀರಿ ಮನೆತನದವರಾದರೂ ಬೆಳೆದದ್ದು ನಮ್ಮ ಹುಬ್ಬಳ್ಳಿಯಲ್ಲಿ. ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಬೆನೆಗಲ್ ರಾಮರಾವ್ ಅವರ ಪತ್ನಿ.

ಹುಡುಕಿಸಿದ ಮಾತ್ರೆ, ಕೇಳದೇ ಹೋದ ದೂರು

ಡಯಾಫ್ರಾಮ್ ಬಡವರ ಮನೆಗೆ ಒಗ್ಗುತ್ತಿರಲಿಲ್ಲ. ಡಾಕ್ಟರು ಅಳತೆ ನೋಡಿ ಕೊಡಬೇಕು, ತೊಳೆಯಲು ನೀರು ಬೇಕು, ಮರೆಯಾದ ಜಾಗ ಬೇಕು. ಹೆಂಗಸು ಯಾರ ಅಪ್ಪಣೆಯನ್ನೂ ಕೇಳದೆ, ತಲೆನೋವಿನ ಮಾತ್ರೆಯಷ್ಟೇ ಸಲೀಸಾಗಿ ನುಂಗುವಂಥದ್ದು ಬೇಕು ಅನ್ನೋದು ಮಾರ್ಗರೆಟ್ ಕನಸು. ಎಪ್ಪತ್ತು ದಾಟಿದ ಮೇಲೆ ಅದಕ್ಕೆ ತಕ್ಕ ವಿಜ್ಞಾನಿ ಸಿಕ್ಕರು, ಹೆಸರು ಗ್ರೆಗರಿ ಪಿಂಕಸ್. ದುಡ್ಡು? ಅದನ್ನು ತಂದವರು ಗೆಳತಿ ಕ್ಯಾಥರೀನ್ ಮೆಕಾರ್ಮಿಕ್. 1904ರಲ್ಲೇ ಜೀವಶಾಸ್ತ್ರದಲ್ಲಿ ಪದವಿ ಪಡೆದ ಈ ಶ್ರೀಮಂತ ವಿಧವೆಯನ್ನು ಮಾರ್ಗರೆಟ್ 1953ರ ಜೂನ್ 8ರಂದು ಪಿಂಕಸ್ ಅವರ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದರು. ಆಕೆ ಚೆಕ್ಕು ಬರೆದರು, ಮುಂದೆಯೂ ಬರೆಯುತ್ತಲೇ ಹೋದರು. ಸರ್ಕಾರದ ನೆರವು ಇಲ್ಲದೆ, ಬಹುಮಟ್ಟಿಗೆ ಇಬ್ಬರು ವಯಸ್ಸಾದ ಹೆಂಗಸರ ಹಟದಿಂದಲೇ ಮಾತ್ರೆ ತಯಾರಾಯಿತು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ಗಮನವಿಟ್ಟು ಓದಿ. 1956ರಲ್ಲಿ ಪೋರ್ಟೊರಿಕೊ ದ್ವೀಪದ ಬಡ ಹೆಂಗಸರ ಮೇಲೆ ದೊಡ್ಡ ಪ್ರಯೋಗ ಶುರುವಾಯಿತು. ಇದು ಇನ್ನೂ ಪ್ರಯೋಗದಲ್ಲಿರುವ ಔಷಧಿ ಅಂತ ಅವರಿಗೆ ಸರಿಯಾಗಿ ಹೇಳಲೇ ಇಲ್ಲ. ಗರ್ಭವೇನೋ ನಿಲ್ಲಲಿಲ್ಲ. ಆದರೆ ನೂರಕ್ಕೆ 17 ಹೆಂಗಸರಿಗೆ ವಾಕರಿಕೆ, ತಲೆಸುತ್ತು, ತಲೆನೋವು, ಹೊಟ್ಟೆನೋವು. ಅಲ್ಲಿನ ಮೇಲ್ವಿಚಾರಣೆ ನೋಡುತ್ತಿದ್ದ ಲೇಡಿ ಡಾಕ್ಟರ್ ಎಡ್ರಿಸ್ ರೈಸ್-ರೇ, ಮಾತ್ರೆ ಕೆಲಸ ಮಾಡುತ್ತೆ, ಆದರೆ ತೊಂದರೆ ಒಪ್ಪಿಕೊಳ್ಳಲಾರದಷ್ಟು ಜಾಸ್ತಿ ಅಂತ ಬರೆದು ತಿಳಿಸಿದರು. ಪಿಂಕಸ್ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಬಹುಪಾಲು ಮನಸ್ಸಿನ ಕಲ್ಪನೆ ಅಂದುಬಿಟ್ಟರು.

ಮನಸ್ಸಿನ ಕಲ್ಪನೆ! ನಾವು ಎಷ್ಟು ಸಲ ಈ ಮಾತು ಕೇಳಿಲ್ಲ?

1960ರಲ್ಲಿ ಅಮೆರಿಕ ಸರ್ಕಾರ ಎನೋವಿಡ್ ಎಂಬ ಆ ಮಾತ್ರೆಯನ್ನು ಗರ್ಭನಿರೋಧಕವಾಗಿ ಒಪ್ಪಿತು. ಅದರಲ್ಲಿದ್ದ ಈಸ್ಟ್ರೋಜೆನ್ 150 ಮೈಕ್ರೋಗ್ರಾಂ. ಈಗಿನ ಮಾತ್ರೆಗಳಲ್ಲಿ ಸಾಮಾನ್ಯವಾಗಿ 30 ಅಥವಾ 20 ಮಾತ್ರ! ಅಷ್ಟು ಜಾಸ್ತಿ ಹಾರ್ಮೋನಿನಿಂದ ಕೆಲವರ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು, ಜೀವವೂ ಹೋಯಿತು. 1970ರಲ್ಲಿ ಅಮೆರಿಕದ ಸಂಸತ್ತಿನ ವಿಚಾರಣೆಯ ನಡುವೆ ಯುವತಿಯರು ಎದ್ದು ನಿಂತು ಕೂಗಾಡಿದರು. ನಮ್ಮ ದೇಹದ ವಿಷಯ ನಮಗೇಕೆ ಹೇಳಲಿಲ್ಲ ಅನ್ನೋದು ಅವರ ಪ್ರಶ್ನೆ. ಆಮೇಲೆಯೇ ಅಲ್ಲಿ ಮಾತ್ರೆಯ ಜೊತೆ ಎಚ್ಚರಿಕೆಯ ಚೀಟಿ ಬಂದಿದ್ದು. ನಾವು ಓದದೇ ಬಿಸಾಡುತ್ತೇವಲ್ಲ, ಆ ಮಡಿಸಿಟ್ಟ ತೆಳು ಕಾಗದ, ಅದಕ್ಕೂ ಹೀಗೊಂದು ಕಥೆಯಿದೆ.

ಮಾರ್ಗರೆಟ್ ಇದನ್ನೆಲ್ಲ ನೋಡಲು ಇರಲಿಲ್ಲ. 1966ರ ಸೆಪ್ಟೆಂಬರ್ 6ರಂದು ಅರಿಜೋನಾದ ಟೂಸಾನ್‌ನಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲಷ್ಟೇ ಅಮೆರಿಕದ ಸುಪ್ರೀಂ ಕೋರ್ಟು ಗಂಡ ಹೆಂಡತಿ ಗರ್ಭನಿರೋಧಕ ಬಳಸುವುದು ಅವರ ಖಾಸಗಿ ಹಕ್ಕು ಎಂದು ತೀರ್ಪು ಕೊಟ್ಟಿತ್ತು.

ಆಕೆಯನ್ನು ದೇವತೆ ಮಾಡುವುದು ಬೇಡ. ಯಾರು ಮಕ್ಕಳನ್ನು ಹೆರಬೇಕು, ಯಾರು ಹೆರಬಾರದು ಅಂತ ಬೇರೆಯವರು ತೀರ್ಮಾನಿಸುವ ಯೂಜೆನಿಕ್ಸ್ ಎಂಬ ವಾದವನ್ನು ಆಕೆಯೂ ಬೆಂಬಲಿಸಿದ್ದರು. ಅದೇ ಕಾರಣಕ್ಕೆ 2020ರಲ್ಲಿ ನ್ಯೂಯಾರ್ಕಿನ ಕ್ಲಿನಿಕ್ ಒಂದರಿಂದ ಆಕೆಯ ಹೆಸರನ್ನು ತೆಗೆದುಹಾಕಿದರು. ಹೆಂಗಸಿನ ದೇಹ ಹೆಂಗಸಿನದೇ ಅಂತ ಹೇಳಿದಾಕೆಯೇ ಕೆಲವು ಹೆಂಗಸರ ವಿಷಯದಲ್ಲಿ ಅದನ್ನು ಮರೆತರು. ಪೋರ್ಟೊರಿಕೊದಲ್ಲಿ ಆಗಿದ್ದೂ ಅದೇ ಮರೆವು.

ಹಾಗಾದರೆ ನಮಗೆ ಯಾವುದು?

ಈ ಕಥೆಯಿಂದ ನಾವು ಕಲಿಯಬೇಕಾದ್ದು ಒಂದೇ. ಎಲ್ಲರಿಗೂ ಒಗ್ಗುವ ಮಾತ್ರೆ ಇಲ್ಲ. ನಿಮ್ಮ ಆರೋಗ್ಯ ನೋಡಿ ಮಾತ್ರೆ ಆರಿಸಬೇಕು, ಪಕ್ಕದ ಮನೆಯವರದ್ದನ್ನು ನೋಡಿ ಅಲ್ಲ.

ಎರಡು ಹಾರ್ಮೋನಿನ ಮಾತ್ರೆ: ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎರಡೂ ಇರುವಂಥದ್ದು. ಸರ್ಕಾರ ಉಚಿತವಾಗಿ ಕೊಡುವ ಮಾಲಾ-ಎನ್ ಈ ಜಾತಿಯದು. 28 ಮಾತ್ರೆಯಲ್ಲಿ 21 ಹಾರ್ಮೋನಿನದು, ಉಳಿದ 7 ಬರೀ ಕಬ್ಬಿಣಾಂಶ. ಆರೋಗ್ಯವಾಗಿರುವ, 35 ದಾಟದ, ಬಿ.ಪಿ. ಇಲ್ಲದ ಹೆಚ್ಚಿನವರಿಗೆ ಇದು ಹೊಂದುತ್ತೆ. ಮುಟ್ಟಿನ ನೋವು, ಅತಿಯಾದ ಸ್ರಾವ ಕಡಿಮೆಯಾಗುವುದರಿಂದ ರಕ್ತಹೀನತೆ ಇರುವವರಿಗೂ ಅನುಕೂಲ.

ಮೊಡವೆ, ಪಿಸಿಓಎಸ್ ಇರುವವರಿಗೆ ಡಾಕ್ಟರು ಕೆಲವೊಮ್ಮೆ ಡ್ರೋಸ್ಪಿರಿನೋನ್ ಇರುವ ಮಾತ್ರೆ ಬರೆಯುತ್ತಾರೆ. ಒಳ್ಳೆಯದೇ, ಆದರೆ ಈ ಲೆಕ್ಕ ಗೊತ್ತಿರಲಿ. ಮಾತ್ರೆ ತಗೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ರಕ್ತ ಹೆಪ್ಪುಗಟ್ಟಿದರೆ, ಮಾಲಾ-ಎನ್‌ನಲ್ಲಿರುವ ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆಯಲ್ಲಿ 5ರಿಂದ 7, ಡ್ರೋಸ್ಪಿರಿನೋನ್ ಮಾತ್ರೆಯಲ್ಲಿ 9ರಿಂದ 12. ಬಸಿರು, ಬಾಣಂತನದಲ್ಲಿ ಈ ಅಪಾಯ ಇದಕ್ಕಿಂತ ಹೆಚ್ಚು. ಹಾಗಾಗಿ ಹೆದರೋದು ಬೇಡ. ಆದರೆ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಮುಚ್ಚಿಡಲೂ ಬೇಡಿ.

ಒಂದೇ ಹಾರ್ಮೋನಿನ ಮಾತ್ರೆ: ಇದರಲ್ಲಿ ಪ್ರೊಜೆಸ್ಟಿನ್ ಮಾತ್ರ. ಹಾಲುಣಿಸುವ ತಾಯಂದಿರು, ಸಿಗರೇಟು ಸೇದುವವರು, ಈಸ್ಟ್ರೋಜೆನ್ ಒಗ್ಗದವರು ಇದರ ಬಗ್ಗೆ ಡಾಕ್ಟರನ್ನು ಕೇಳಬಹುದು. ದಿನಾ ಒಂದೇ ಹೊತ್ತಿಗೆ ತಗೋಬೇಕು. ಮುಟ್ಟು ಸ್ವಲ್ಪ ಏರುಪೇರಾಗಬಹುದು.

ಹಾರ್ಮೋನೇ ಬೇಡ ಅನ್ನುವವರಿಗೆ: ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾಗಿ 1991ರಲ್ಲಿ ಮಾರುಕಟ್ಟೆಗೆ ಬಂದ ಸಹೇಲಿ ಇದೆ. ಸರ್ಕಾರ ಇದನ್ನೇ ಛಾಯಾ ಹೆಸರಿನಲ್ಲಿ ಕೊಡುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಹಾಲುಣಿಸುವವರೂ ತಗೋಬಹುದು. ಪಿಸಿಓಎಸ್, ಈಚೆಗೆ ಬಂದ ಕಾಮಾಲೆ ಅಥವಾ ಲಿವರ್ ತೊಂದರೆ ಇದ್ದವರಿಗೆ ಬೇಡ.

ಇನ್ನೊಂದು ಮಾತು. ಹಬ್ಬ, ಪೂಜೆ, ತಿರುಪತಿ ಯಾತ್ರೆ ಅಂತ ಮುಟ್ಟು ಮುಂದೂಡುವ ಮಾತ್ರೆ ನುಂಗುತ್ತೇವಲ್ಲ, ಅದು ಗರ್ಭನಿರೋಧಕ ಅಲ್ಲ. ತಗೊಂಡಿದ್ದೀನಲ್ಲ ಅಂತ ಧೈರ್ಯವಾಗಿರಬೇಡಿ. ಅವಸರಕ್ಕೆ 72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆಯೂ ತುರ್ತಿಗಷ್ಟೇ, ತಿಂಗಳ ರೂಢಿಗಲ್ಲ.

ಡಾಕ್ಟರ ಮುಂದೆ ತಪ್ಪದೇ ಹೇಳಿ

* ನಿಮ್ಮ ವಯಸ್ಸು, ತೂಕ. ಬಿ.ಪಿ. ಪರೀಕ್ಷೆ ಮಾಡಿಸದೆ ಎರಡು ಹಾರ್ಮೋನಿನ ಮಾತ್ರೆ ಶುರುಮಾಡಬೇಡಿ. ಬಿ.ಪಿ. 140/90 ಮುಟ್ಟಿದ್ದರೆ ಅದು ನಿಮಗಲ್ಲ.
* 35 ದಾಟಿ ಸಿಗರೇಟು ಸೇದುವ ಅಭ್ಯಾಸವಿದ್ದರೆ ನಾಚಿಕೆ ಬಿಟ್ಟು ಹೇಳಿ. ಎರಡು ಹಾರ್ಮೋನಿನ ಮಾತ್ರೆ ಅಪಾಯ.
* ಕಣ್ಣಮುಂದೆ ಮಿಂಚು, ಅಂಕುಡೊಂಕು ಗೆರೆ ಕಾಣಿಸಿಕೊಂಡು ಬರುವ ಅರೆತಲೆನೋವು ಇದ್ದರೆ ಈಸ್ಟ್ರೋಜೆನ್ ಬೇಡ, ಪಾರ್ಶ್ವವಾಯುವಿನ ಅಪಾಯ ಹೆಚ್ಚು.
* ನಿಮಗಾಗಲಿ ಮನೆಯವರಿಗಾಗಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಹೃದಯದ ತೊಂದರೆ, ಸ್ತನ ಕ್ಯಾನ್ಸರ್.
* ಸಕ್ಕರೆ ಕಾಯಿಲೆ, ಲಿವರ್ ಕಾಯಿಲೆ.
* ಹೆರಿಗೆಯಾಗಿ ಎಷ್ಟು ದಿನವಾಯಿತು, ಹಾಲುಣಿಸುತ್ತಿದ್ದೀರಾ. ಹಾಲುಣಿಸುವವರು ಆರು ವಾರದೊಳಗೆ ಎರಡು ಹಾರ್ಮೋನಿನ ಮಾತ್ರೆ ಮುಟ್ಟಬಾರದು. ಆರು ತಿಂಗಳವರೆಗೂ ಸಾಮಾನ್ಯವಾಗಿ ಬೇಡ.
* ಕ್ಷಯಕ್ಕೆ ರಿಫಾಂಪಿಸಿನ್, ಅಥವಾ ಮೂರ್ಛೆರೋಗಕ್ಕೆ ಮಾತ್ರೆ ನಡೆಯುತ್ತಿದೆಯಾ. ಇವು ಗರ್ಭನಿರೋಧಕದ ಶಕ್ತಿ ಕುಗ್ಗಿಸಬಹುದು.
* ಮುಂದೆ ದೊಡ್ಡ ಆಪರೇಷನ್ ಇದೆಯಾ.

ಶುರುವಿನ ಎರಡು ಮೂರು ತಿಂಗಳು ಸ್ವಲ್ಪ ವಾಕರಿಕೆ, ನಡುನಡುವೆ ಕಲೆ ಕಾಣಿಸಿಕೊಳ್ಳುವುದು ಇದ್ದದ್ದೇ. ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತೆ. ಹೋಗಲಿಲ್ಲವೇ? ಹಲ್ಲುಕಚ್ಚಿ ಸಹಿಸಬೇಡಿ, ಬದಲಾಯಿಸಿಕೊಡಿ ಅಂತ ಕೇಳಿ. ಒಂದು ಕಾಲು ಮಾತ್ರ ಊದಿ ನೋಯುವುದು, ಎದೆನೋವು, ಉಸಿರುಕಟ್ಟುವುದು, ಹಿಂದೆಂದೂ ಬರದಂಥ ತಲೆನೋವು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ. ಎರಡು ಹಾರ್ಮೋನಿನ ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ. ಎರಡು ಅಥವಾ ಹೆಚ್ಚು ಮರೆತರೆ ಏಳು ದಿನ ಕಾಂಡೋಮ್ ಕೂಡ ಬಳಸಬೇಕು. ಮಾತ್ರೆಯಿಂದ ಲೈಂಗಿಕ ರೋಗಗಳಿಗೆ ತಡೆಯಿಲ್ಲ ಅನ್ನೋದೂ ನೆನಪಿರಲಿ.

ಕಾರ್ನಿಂಗಿನ ಆ ತಾಯಿಗೆ ಮಾತ್ರೆ ಸಿಗಲಿಲ್ಲ. ನ್ಯೂಯಾರ್ಕಿನ ಆ ಹೆಂಗಸಿಗೆ ಉತ್ತರ ಸಿಗಲಿಲ್ಲ. ಪೋರ್ಟೊರಿಕೊದವರು ದೂರು ಹೇಳಿದರು, ಕೇಳುವವರು ಇರಲಿಲ್ಲ. ನಮಗೆ ಮಾತ್ರೆಯೂ ಇದೆ, ಕೇಳಿದರೆ ಉತ್ತರವೂ ಸಿಗುತ್ತೆ. ಮುಂದಿನ ಸಲ ಮೆಡಿಕಲ್ ಶಾಪಿಗೆ ಹೋಗುವ ಮೊದಲು ಒಮ್ಮೆ ಡಾಕ್ಟರ ಮುಂದೆ ಕೂತು ಬಾಯಿಬಿಟ್ಟು ಕೇಳಿ. ಆಯ್ತಾ?